ಐದು ದಿನದ ಪ್ರವಾಸಿ

ನವೆಂಬರ್ 18, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ತೊಗರ್ಸಿಯ ದ್ಯಾಮಮ್ಮ ಮಗಳು ಸಂಗೀತಳನ್ನು ಕರೆದುಕೊಂಡು ಶಿಕಾರಿಪುರದ ಠಾಣೆಗೆ ಬಂದಳು. ಕುರಿ ಸಾಕಿ ಬದುಕುವ ಮನೆತನ. ಗಂಡ ಚೌಡಪ್ಪ ಮಂದೆಯ ಹಿಂದೆ ದೂರ ಹೋಗಿದ್ದ. ಅವನಿಗೆ ವಿಷಯ ಇನ್ನೂ ಮುಟ್ಟಿರಲಿಲ್ಲ.

ಮಗ ಯತೀಶ ಕಂಪ್ಯೂಟರ್ ಕೆಲಸವೆಂದು ಥೈಲ್ಯಾಂಡಿಗೆ ಹೋಗಿ ಒಂದು ತಿಂಗಳಾಗುತ್ತ ಬಂದಿತ್ತು. ಹೋದವನ ಸುದ್ದಿಯೇ ಇರಲಿಲ್ಲ. ಹಿಂದಿನ ದಿನ ಯಾವುದೋ ನಂಬರಿನಿಂದ ಫೋನ್ ಮಾಡಿದ್ದ. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ, ರಾತ್ರೋರಾತ್ರಿ ಹೊಳೆ ದಾಟಿಸಿ ಬೇರೆ ದೇಶಕ್ಕೆ ತಂದಿದ್ದಾರೆ, ಫೋನಿನಲ್ಲಿ ಜನರಿಗೆ ಮೋಸ ಮಾಡುವುದೇ ಕೆಲಸ, ಮಾಡದಿದ್ದರೆ ಹೊಡೆಯುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಫೋನ್ ಕಡಿದುಹೋಗಿತ್ತು.

ಹೆಡ್ ಕಾನ್‌ಸ್ಟೆಬಲ್ ಸಣ್ಣಪ್ಪ ಪೆನ್ನಿನ ಕ್ಯಾಪು ತೆಗೆಯಲಿಲ್ಲ. ವಯಸ್ಸಿಗೆ ಬಂದ ಹುಡುಗ, ತಾನಾಗಿ ವಿಮಾನ ಹತ್ತಿದ್ದಾನೆ, ನಮ್ಮ ಸರಹದ್ದಿನಲ್ಲಿ ನಡೆದ ಅಪರಾಧ ಯಾವುದು ಎಂದು ಕೇಳಿದ.

ಇನ್‌ಸ್ಪೆಕ್ಟರ್ ಮಹೇಶ್ವರಪ್ಪ ದ್ಯಾಮಮ್ಮನ ಕೈ ನೋಡುತ್ತಿದ್ದರು. ನೂಲು ತೆಗೆದು ಒರಟಾದ ಬೆರಳುಗಳು, ಒಂದನ್ನೊಂದು ಹಿಡಿದುಕೊಂಡು ಕೂತಿದ್ದವು.

"ಬರೀರಿ ಸಣ್ಣಪ್ಪ," ಅಂದರು. "ಹೋದವನು ಅಲ್ಲಿದ್ದಾನೆ. ಕಳಿಸಿದವರು ಇಲ್ಲೇ ಎಲ್ಲೋ ಇದ್ದಾರೆ."

ವಂಚನೆ ಮತ್ತು ಮಾನವ ಕಳ್ಳಸಾಗಣೆಯ ಕಲಮುಗಳ ಅಡಿ ಎಫ್‌ಐಆರ್ ದಾಖಲಾಯಿತು. ಮಹೇಶ್ವರಪ್ಪ ಬೆಂಗಳೂರು ವಿಮಾನ ನಿಲ್ದಾಣದಲ್ಲಿದ್ದ ಪರಿಚಯದ ಅಧಿಕಾರಿಗೆ ಫೋನ್ ಮಾಡಿ ನಿಯಮ ಕೇಳಿಕೊಂಡರು. ಊರು ನೋಡಲು ಹೋಗುವವರಿಗೆ ಥೈಲ್ಯಾಂಡಿನಲ್ಲಿ ಅರವತ್ತು ದಿನದವರೆಗೆ ವೀಸಾ ಬೇಡ. ವಾಪಸ್ ಬರುವ ಟಿಕೆಟ್ಟು, ಇಳಿದುಕೊಳ್ಳುವ ಜಾಗ ತೋರಿಸಬೇಕು. ದುಡಿಯುವ ಹಾಗಿಲ್ಲ. ಅಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಬೇರೆ ದೇಶದ ಕಂಪನಿಗೆ ಕೆಲಸ ಮಾಡುವವರಿಗೆ ಬೇರೆಯದೇ ವೀಸಾ ಇದೆ. ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು, ಕೆಲಸದ ದಾಖಲೆ ಕೊಡಬೇಕು. "ಪ್ರವಾಸಿ ಅಂತ ಒಳಗೆ ಬನ್ನಿ, ವೀಸಾ ಆಮೇಲೆ ನಾವು ಬದಲಾಯಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ," ಅಂದರು ಆ ಅಧಿಕಾರಿ, "ಅಲ್ಲಿಗೆ ಮುಗೀತು ಅಂತಲೇ ಲೆಕ್ಕ."

ಮಧ್ಯಾಹ್ನದ ಹೊತ್ತಿಗೆ ಜೀಪು ತೊಗರ್ಸಿಯಲ್ಲಿತ್ತು. ಮನೆಯಲ್ಲಿ ಸಿಕ್ಕಿದ್ದು ಹಳೆಯ ಬಟ್ಟೆ, ಕಾಲೇಜಿನ ಪುಸ್ತಕ, ಅಷ್ಟೇ. ಯತೀಶ ಡಿಗ್ರಿ ಮುಗಿಸಿ ಸೊರಬದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಯುತ್ತಿದ್ದನಂತೆ. ಹೊರಡುವ ಮೊದಲು ಒಂದು ವಾರ ದೊಡ್ಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದ್ದ. ಪ್ರವಾಸಕ್ಕೆ ಬಂದಿದ್ದೇನೆ, ಐದು ದಿನ ಇರುತ್ತೇನೆ, ದೇವಸ್ಥಾನ ನೋಡುತ್ತೇನೆ.

"ನಮ್ಮ ಕುರಿಗೂ ಬಾಯಿಪಾಠ ಆಗಿತ್ರಿ," ಅಂದಳು ಸಂಗೀತ. ನಗು ಬಂದಿದ್ದಕ್ಕೆ ನಾಚಿ ತಲೆ ತಗ್ಗಿಸಿದಳು.

"ಹೇಳಿಕೊಟ್ಟೋರು ಯಾರು?"

"ಸೆಂಟರಿನ ಚೈತ್ರ ಮೇಡಂ. ಬ್ಯಾಗ್ನಾಗೆ ಏನೇನ್ ಇರ್ಬೇಕು ಅಂತಾನೂ ಅವ್ರೇ ಹೇಳಿದ್ದು. ಅವ್ವ ಕಂಬಳಿ ಇಟ್ಟಿದ್ಲು. ಐದ್ ದಿನ ಊರು ನೋಡಾಕೆ ಹೋಗೋನು ಕಂಬಳಿ ಯಾಕ್ ಹೊರ್ತಾನೆ, ಅನುಮಾನ ಬರುತ್ತೆ ಅಂದ್ರಂತೆ. ಅಣ್ಣ ತೆಗೆದಿಟ್ಟ."

ದ್ಯಾಮಮ್ಮ ಬಾಗಿಲ ಕಡೆ ಮುಖ ತಿರುಗಿಸಿದಳು. "ಮತ್ತೆ ಇಟ್ಟೆ," ಅಂದಳು. ಹೊರಡುವ ದಿನ ಅವನು ಸ್ನಾನಕ್ಕೆ ಹೋದಾಗ ಬಟ್ಟೆಗಳ ಅಡಿಗೆ ತುರುಕಿದ್ದಳು. ಅವನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ತಾನೇ ನೂಲು ತೆಗೆದ ಕಂಬಳಿ. ಅದಿಲ್ಲದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಜೀಪು ಸೊರಬಕ್ಕೆ ಹೊರಟಾಗ ದ್ಯಾಮಮ್ಮ ಯಾರನ್ನೂ ಕೇಳದೆ ಹತ್ತಿ ಕೂತಳು. ಮಹೇಶ್ವರಪ್ಪ ಇಳಿಯಿರಿ ಅನ್ನಲಿಲ್ಲ.

ಚೈತ್ರಳಿಗೆ ಇಪ್ಪತ್ತಾರು ವರ್ಷವಿರಬಹುದು. ಸೆಂಟರಿನಲ್ಲಿ ನಾಲ್ಕು ಹುಡುಗಿಯರು ಟೈಪ್ ಮಾಡುತ್ತಿದ್ದರು. ಅವರನ್ನು ಮನೆಗೆ ಕಳಿಸಿ, ದ್ಯಾಮಮ್ಮನಿಗೆ ಕುರ್ಚಿ ಎಳೆದು ಕೊಟ್ಟು, ನೀರು ತಂದಿಟ್ಟಳು.

"ಇಮಿಗ್ರೇಷನ್ನಲ್ಲಿ ಏನು ಹೇಳ್ಬೇಕು ಅಂತ ಕಲಿಸಿದ್ದು ನೀವೇನಾ?"

"ಕೇಳಿದ, ಹೇಳಿಕೊಟ್ಟೆ ಸರ್. ಎಲ್ಲಾ ನೆಟ್ಟಲ್ಲೇ ಇರುತ್ತೆ."

"ಕೆಲಸ ಕೊಡಿಸಿದ್ದು?"

"ನಂಗೊತ್ತಿಲ್ಲ. ಅವನೇ ಹುಡುಕ್ಕೊಂಡಿದ್ದು."

"ಹೋದ ಮೇಲೆ ನಿಮ್ ಹತ್ರ ಮಾತಾಡಿದ್ನಾ?"

"ಒಂದ್ಸಲನೂ ಇಲ್ಲ."

"ನಿಮ್ಮ ಯಜಮಾನ್ರು?"

"ರಾಜು ಅಂತ. ದುಬೈನಲ್ಲಿದಾರೆ."

ಉತ್ತರಗಳೆಲ್ಲ ನೇರವಾಗಿದ್ದವು. ಹಿಡಿಯಲು ಎಳೆ ಸಿಗಲಿಲ್ಲ. ನಿಯಮ ಹೇಳಿಕೊಡುವುದು ಅಪರಾಧವಲ್ಲ. ಮಹೇಶ್ವರಪ್ಪ ಎದ್ದು ಬಾಗಿಲವರೆಗೆ ಬಂದರು. ದ್ಯಾಮಮ್ಮ ಏಳಲಿಲ್ಲ. ಮಗ ಎಲ್ಲಿ ಮಲಗುತ್ತಾನೋ, ಮೈಮೇಲೆ ಏನು ಹಾಕಿಕೊಳ್ಳುತ್ತಾನೋ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅಳುತ್ತಿದ್ದಳು. ಚೈತ್ರ ಅವಳ ಹೆಗಲ ಮೇಲೆ ಕೈ ಇಟ್ಟಳು.

"ಅಳಬೇಡಿ ದ್ಯಾಮಮ್ಮ. ಕಂಬಳಿ ಹೊದ್ಕೊಂಡೇ ಮಲಗ್ತಾನೆ."

ಮಹೇಶ್ವರಪ್ಪ ನಿಂತರು. ಅವರು ಬಾಯಿ ತೆರೆಯುವ ಮೊದಲೇ ದ್ಯಾಮಮ್ಮ ಮುಖ ಎತ್ತಿದಳು.

"ಕಂಬಳಿ ಇಟ್ಟಿದ್ದು ನಾ ಅವಂಗೇ ಹೇಳಿಲ್ಲವ್ವ. ನಿಂಗ್ ಹೆಂಗ್ ಗೊತ್ತಾತು?"

ಚೈತ್ರ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ತನ್ನ ಫೋನನ್ನು ಇನ್‌ಸ್ಪೆಕ್ಟರ್ ಕಡೆ ಸರಿಸಿದಳು.

ರಾಜು ದುಬೈಗೆ ಹೋಗಿರಲೇ ಇಲ್ಲ. ಮಾರ್ಚ್ ತಿಂಗಳಲ್ಲಿ ಅವನೂ ಹೀಗೆಯೇ ಪ್ರವಾಸಿಯೆಂದು ಇಳಿದು, ಅದೇ ಹೊಳೆ ದಾಟಿ, ಈಗ ಯತೀಶನಿರುವ ಗೋಡೆಗಳ ಒಳಗೇ ಸೇರಿದ್ದ. ದಿನಾ ಸಂಜೆ ಆರಕ್ಕೆ ಅಲ್ಲಿನವರು ಅವನಿಂದ ಚೈತ್ರಳಿಗೆ ವಿಡಿಯೋ ಕಾಲ್ ಮಾಡಿಸುತ್ತಿದ್ದರು. ಬದಲಿಗೆ ಒಬ್ಬನನ್ನು ಕಳಿಸು, ಇವನನ್ನು ಬಿಡುತ್ತೇವೆ ಅಂದರು. ಮೂರು ತಿಂಗಳ ಕಾಲ ಅವಳು ಆಗಲ್ಲ ಅನ್ನುತ್ತಲೇ ಬಂದಳು. ಒಂದು ಸಂಜೆ ರಾಜುವಿನ ಬಾಸುಂಡೆ ಎದ್ದ ಬೆನ್ನು ತೋರಿಸಿದರು. ಅವಳು ಯತೀಶನನ್ನು ಒಪ್ಪಿಸಿ ಕಳಿಸಿದಳು. ಯತೀಶ ಅಲ್ಲಿಗೆ ಮುಟ್ಟಿದ ಮೇಲೆ, ಅವನು ಕಂಬಳಿ ಹೊದ್ದು ಮಲಗಿದ್ದನ್ನು ತೋರಿಸಿ, ಒಬ್ಬ ಸಾಲದು, ಇನ್ನೊಬ್ಬ ಬೇಕು ಅಂದರು. ಬಳ್ಳಿಗಾವಿಯ ಶಿವರಾಮ ಎನ್ನುವವನು ಗುರುವಾರ ಹೊರಡುವುದಿತ್ತು.

ಫೋನ್ ವಶಪಡಿಸಿಕೊಂಡು ಪಂಚರ ಸಮಕ್ಷಮ ಪಂಚನಾಮೆ ಬರೆದರು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ನಾಲ್ಕು ಗಂಟೆಗೆ ಮಹಿಳಾ ಕಾನ್‌ಸ್ಟೆಬಲ್ ಧನಲಕ್ಷ್ಮಿ ಬಂಧನದ ಪತ್ರಕ್ಕೆ ಚೈತ್ರಳ ಸಹಿ ಹಾಕಿಸಿಕೊಂಡಳು. ಹಿಂತಿರುಗುವ ದಾರಿಯಲ್ಲಿ ಸಣ್ಣಪ್ಪ ಶಿವರಾಮನಿಗೆ ಫೋನ್ ಮಾಡಿ ವಿಷಯ ಹೇಳಿದ. ನನ್ನ ಕೆಲಸಕ್ಕೆ ಕಲ್ಲು ಹಾಕಿದ್ದು ಯಾರು ಎಂದು ಅವನು ಜಗಳಕ್ಕೆ ಬಿದ್ದ. "ಬೈಯಪ್ಪಾ, ಬೈಯಿ," ಅಂದ ಸಣ್ಣಪ್ಪ. "ಊರಲ್ಲೇ ಇದ್ಕಂಡು ಬೈಯಿ."

ಆರಕ್ಕೆ ಐದು ನಿಮಿಷ ಇರುವಾಗ ಮಹೇಶ್ವರಪ್ಪ ಚೈತ್ರಳನ್ನು ತಮ್ಮ ಕೋಣೆಗೆ ಕರೆಸಿದರು. ಎಸ್‌ಪಿಯವರ ಕಚೇರಿಯಿಂದ ಡೆಲ್ಲಿಗೆ, ಅಲ್ಲಿಂದ ರಾಯಭಾರ ಕಚೇರಿಗೆ ಪತ್ರ ಹೋಗಿತ್ತು. ಅಲ್ಲಿಂದ ಉತ್ತರ ಬರುವ ತನಕ ಗೋಡೆಯ ಒಳಗಿನವರಿಗೆ ಏನೂ ತಿಳಿಯಬಾರದು.

"ದಿನಾ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ."

ಆರಕ್ಕೆ ಸರಿಯಾಗಿ ಫೋನ್ ಬಂತು. ಬೋಳಿಸಿದ ತಲೆಯ ಒಬ್ಬ ಗಂಡಸು, ರಾಜು. ಚೈತ್ರಳ ಮುಖ ನೋಡಿ ಸ್ವಲ್ಪ ನಕ್ಕ. ಊಟ ಆಯಿತಾ ಅಂದ. ಆಮೇಲೆ ಪಕ್ಕಕ್ಕೆ ಒಮ್ಮೆ ನೋಡಿ, "ಹುಡುಗ ಹೊರಡ್ತಾನಾ?" ಅಂದ.

ಚೈತ್ರ ಕಣ್ಣೆತ್ತಿದಳು. ಮಹೇಶ್ವರಪ್ಪ ತಲೆಯಾಡಿಸಿದರು.

"ಗುರುವಾರ," ಅಂದಳು.

ದ್ಯಾಮಮ್ಮ ಮೇಜಿನ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತಿದ್ದಳು. ರಾಜುವಿನ ಬೆನ್ನ ಹಿಂದೆ ಎರಡು ಅಂತಸ್ತಿನ ಕಬ್ಬಿಣದ ಮಂಚ. ಮೇಲಿನದರಲ್ಲಿ ಕರಿಯ ಕಂಬಳಿ. ಮುಖ ಕಾಣುತ್ತಿರಲಿಲ್ಲ. ಕಂಬಳಿ ಒಂದಿಷ್ಟು ಏಳುತ್ತಿತ್ತು, ಇಳಿಯುತ್ತಿತ್ತು. ದ್ಯಾಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಇದೆಲ್ಲ ಗೊತ್ತಿದ್ದೂ ಇನ್ನೊಬ್ಬರ ಮಗನನ್ನು ಹೇಗೆ ಕಳಿಸಿದಿರಿ ಎಂದು ಮಹೇಶ್ವರಪ್ಪ ಕೇಳಿದರು. ಕೇಸ್ ಡೈರಿಗೆ ಆ ಪ್ರಶ್ನೆ ಬೇಕಿರಲಿಲ್ಲ.

ಚೈತ್ರ ಕಪ್ಪಾದ ಫೋನನ್ನೇ ನೋಡುತ್ತಿದ್ದಳು. "ಸತ್ತಿದ್ರೆ ಅತ್ತು ಮುಗಿಸ್ತಿದ್ದೆ ಸರ್," ಅಂದಳು. "ದಿನಾ ಆರು ಗಂಟೆಗೆ ಬದುಕಿರ್ತಾರಲ್ಲ."

ಧನಲಕ್ಷ್ಮಿ ಅವಳನ್ನು ಕರೆದುಕೊಂಡು ಹೋದಳು. ದ್ಯಾಮಮ್ಮ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು, ಒಳಗೆ ಬಂದು ನಿಂತಳು.

"ಸಾಹೇಬ್ರೆ, ನಾಳೆ ಆರಕ್ಕೂ ಬರ್ಲೇನ್ರಿ?"