ಡೋಣಿಯಲ್ಲಿ ಕರಗಿದ ಸಕ್ಕರೆ

"ಏ... ಆ ತಗಡ ಬಿಚ್ರಿ ಮೊದಲ! ಇಲ್ಲಾಂದ್ರ ಹೊತ್ತ ಮುಣಗೂತನ ಇಲ್ಲೇ ನಿಂದರ್ತೀರಿ!"

ಕೂಗಿದವಳು ಅಬಿದಾ. ಬಸವನ ಬಾಗೇವಾಡಿಯಲ್ಲಿ ಅವಳಪ್ಪ ಗುಡುಸಾಬನ ಸೈಕಲ್ ಅಂಗಡಿ. ಅದರ ಮುಂದೆಯೇ ಒಂದು ಮೋಟರ್ ಸೈಕಲ್ ಕೆಸರಿನಲ್ಲಿ ಹೂತು ನಿಂತಿತ್ತು. ಮುಂದಿನ ಗಾಲಿಗೂ ಮಡ್‌ಗಾರ್ಡಿನ ತಗಡಿಗೂ ನಡುವೆ ಎರೆಮಣ್ಣು ಗಚ್ಚಿನಂತೆ ಮೆತ್ತಿಕೊಂಡಿತ್ತು.

ಗಾಡಿಯವನು ತಲೆಯೆತ್ತಿದ. ಮುಖದ ತುಂಬಾ ಕೆಸರು, ಕಾಣುತ್ತಿದ್ದುದು ಕಣ್ಣೆರಡೇ. ಆ ಕಣ್ಣು ಅವಳ ಮೇಲೆ ನಿಂತದ್ದೇ... ಅಬಿದಾಳ ಎದೆ ಧಸಕ್ಕೆಂದಿತು!

"ಬಿಚ್ಚಂಗಿಲ್ರಿ," ಎಂದ. "ಹ್ಯಾಲ್ಡನ್ ಕಂಪನಿ ಮಾಲ್ ಇದು! ಮೊದಲ ಬರೇ ಸೈಕಲ್ ಮಾಡ್ತಿದ್ರು. ಲಡಾಯಿ ಬಂದಾಗ ಫೌಜಿಗೆ ಮೋಟರ್ ಸೈಕಲ್ ಮಾಡಿ ಕೊಟ್ರು. ಮರುಭೂಮಿ ಉಸುಕಿನ್ಯಾಗ ಓಡ್ಯಾವ! ಈಗ ಮೂರು ಮಾಡೆಲ್ ಅದಾವ. ಒಂದು ಡಾಂಬರ್ ರಸ್ತೇಕ, ಒಂದು ಜೋಡಿ ಸೀಟಿಂದು. ಇದು ಗುಡ್ಡಾ, ಹೊಲಾ ಏರಾಕ. ಅಂಥಾ ಕಂಪನಿ ಹಾಕಿದ್ದನ್ನ ನಾ ಬಿಚ್ಚಲೇನು?"

"ನಿಮ್ಮ ಕಂಪನಿಯವ್ರು ಉಸುಕು ನೋಡ್ಯಾರ. ನಮ್ಮ ಎರಿ ನೋಡಿಲ್ಲ!"

ಅವನ ಹೆಸರು ಅಬ್ದುಲರಜಾಕ, ಊರು ಮೋರಟಗಿ. ಸೊಲ್ಲಾಪುರದ ಡೀಲರನ ಪರವಾಗಿ ಊರೂರಿಗೆ ಗಾಡಿ ಓಡಿಸಿ ತೋರಿಸುವುದು ಅವನ ಕೆಲಸ. ಅವತ್ತು ಕೋಲು ಹಿಡಿದು ಮಣ್ಣು ಕೆದರಿ ಕೆದರಿ ಸುಸ್ತಾದನೇ ಹೊರತು ಮಡ್‌ಗಾರ್ಡ್ ಬಿಚ್ಚಲಿಲ್ಲ. ಹಟಮಾರಿ!

ಅರವತ್ತೆರಡರ ಆ ಮಳೆಗಾಲವೆಲ್ಲ ಅವನಿಗೆ ಬಾಗೇವಾಡಿಯಲ್ಲೇ ಕೆಲಸ ಬೀಳತೊಡಗಿತು. ಗಟ್ಟಿಯಿದ್ದ ಟೈರಿಗೂ ಪಂಕ್ಚರ್ ಹಾಕಿಸಿಕೊಂಡ ಮಹಾರಾಯ! ಗುಡುಸಾಬನೇನು ಕುರುಡನೇ?

"ನೋಡಪಾ," ಎಂದ ಗುಡುಸಾಬ ಒಂದು ದಿನ, "ಅಬಿದಾನ್ನ ಸೊಸಿ ಮಾಡ್ಕೊಳ್ಳಾಕ ತಂಗಡಗಿಯವರು ಜುಮ್ಮಾ ದಿನ ಸಕ್ರಿ ತರ್ತಾರ. ನಿನಗ ಖರೇನ ಮನಸಿದ್ರ ಅದಕ್ಕಿಂತ ಮೊದಲ ನಿಮ್ಮವ್ವನ ಕರಕೊಂಡು ಬಾ. ಹಿರೇರಿಲ್ಲದ ಮಾತು ನಾ ಕೇಳಂಗಿಲ್ಲ."

ಹುಡುಗನ ತಾಯಿ ತಂದ ಸಕ್ಕರೆಗೆ ಹುಡುಗಿ ಬಾಯಿ ತೆರೆದಳೆಂದರೆ ಮುಗಿಯಿತು, ಮಾತು ಕೊಟ್ಟಂತೆ. ಆಮೇಲೆ ಅಲ್ಲಾಹನೇ ಇಳಿದು ಬಂದರೂ ಗುಡುಸಾಬ ಮಾತು ತಪ್ಪುವವನಲ್ಲ.

"ಬರ್ತೇನ್ರಿ!" ಎಂದು ರಜಾಕ ಗಾಡಿ ಏರಿದ.

ಅಬಿದಾ ಓಡಿ ಬಂದಳು. "ಡೋಣಿ ಹೊಳಿ ತುಂಬಾಕತ್ತೈತಿ, ಬಸ್ಸು ನಿಂತಾವ. ಆ ತಗಡ ಬಿಚ್ಚಿ ಹೋಗ್ರಿ..."

"ಮತ್ತ ಅದನ್ನ ಹೇಳ್ತೀಯಲ್ಲ!" ಸಿಡುಕಿ ಹೊರಟೇಬಿಟ್ಟ.

'ಇವನ ಕಿವಿಗೆ ನನ್ನದೊಂದು ಮಾತಾದರೂ ಬೀಳುತ್ತದಾ? ಮಾತೇ ಕೇಳದವನ ಜೊತೆ ಬಾಳುವೆ ಹೇಗೆ?' ಅಬಿದಾಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಡೋಣಿ ಹರಿದರೆ ಓಣೆಲ್ಲಾ ಕಾಳು ಅನ್ನುತ್ತಾರೆ. ಅವಳಿಗೆ ಮಾತ್ರ ಆ ಹೊಳೆಯ ಹೆಸರು ಕೇಳಿದರೇ ಭಯ.

ಶುಕ್ರವಾರ ಬೆಳಿಗ್ಗೆ ಗಾಡಿ ಹೊಡೆಯುವ ಗುರಲಿಂಗಪ್ಪ ಅಂಗಡಿ ಮುಂದೆ ಚಕ್ಕಡಿ ನಿಲ್ಲಿಸಿದ. ಕೈಯಲ್ಲೊಂದು ಮಡ್‌ಗಾರ್ಡ್!

"ಗುಡುಸಾಬ... ಡೋಣಿ ದಂಡ್ಯಾಗ, ಜಾಲಿ ಗಿಡದ ಬುಡಕ ಸಿಕ್ತು. ನಿನ್ನಿ ಹೊಳಿ ಅಲ್ಲೀತನ ಏರಿತ್ತಂತ. ಆ ಹುಡುಗ..." ಎಂದವನೇ ತಗಡನ್ನು ಅಬಿದಾಳ ಕೈಗಿಟ್ಟ.

ಅಬಿದಾ ತಗಡನ್ನು ಎದೆಗವಚಿಕೊಂಡು ಕುಸಿದಳು. ಯಾ ಅಲ್ಲಾ! ನನ್ನ ಸಲುವಾಗಿ ಹೋದವನು...

ಕೆಸರು ಒರೆಸುತ್ತಿದ್ದ ಬೆರಳಿಗೆ ಏನೋ ತಾಗಿತು. ನೋಡಿದಳು. ಇನ್ನೊಮ್ಮೆ ನೋಡಿದಳು.

ಅಷ್ಟರಲ್ಲಿ ತಂಗಡಗಿಯವರು ಬಂದೇಬಿಟ್ಟರು. ಅವರ ಹುಡುಗನ ತಾಯಿ ಜೋಹರಾಬಿ ಚಿಟಿಕೆ ಸಕ್ಕರೆ ಹಿಡಿದು ಮುಂದೆ ಬಾಗಿದಳು. "ಬಾಯಿ ತೆಗಿ, ಮಗಳ."

ಅಬಿದಾ ತುಟಿ ಬಿಗಿದುಕೊಂಡಳು.

"ತೆಗಿಯವಾ! ಸತ್ತವನ ದಾರಿ ಕಾಯ್ತಿಯೇನು?" ಗುಡುಸಾಬ ಗದರಿದ.

"ಅಬ್ಬಾಜಾನ್, ಈ ಬೋಲ್ಟ್ ನೋಡ್ರಿ! ಹೊಳಿ ಕಿತ್ತಿದ್ರ ತೂತು ಹರೀತಿತ್ತು. ಇದನ್ನ ಬಿಚ್ಚಿ, ಬೋಲ್ಟ್ ಕಳೀಬಾರದಂತ ಮತ್ತ ತೂತಿನ್ಯಾಗ ತಿರುವ್ಯಾರ. ಅವ್ರು ನನ್ನ ಮಾತು ಕೇಳ್ಯಾರ..."

"ಬಿಚ್ಯಾನ, ಖರೆ. ಹೊಳಿ ದಾಟ್ಯಾನಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವಳ ಜೀವ ಹಿಂಡುತ್ತಿದ್ದುದೂ ಅದೇ.

"ಯಾರೂ ಹೇಳಿಲ್ರಿ... ಆದ್ರೂ ನಾ ಬಾಯಿ ತೆಗ್ಯಂಗಿಲ್ಲ."

ಜೋಹರಾಬಿ ನಿಧಾನವಾಗಿ ಕೈ ಹಿಂದೆಗೆದಳು. "ಒತ್ತಾಯದ ಸಕ್ರಿ ಸಿಹಿ ಆಗಂಗಿಲ್ಲ, ಗುಡುಸಾಬ. ನಾವು ಬರ್ತೇವಿ." ಬಂದವರು ಬಂದ ದಾರಿ ಹಿಡಿದರು.

ಜುಮ್ಮಾ ನಮಾಜ್ ಆಯಿತು. ಹೊತ್ತು ವಾಲಿತು. ಅಬಿದಾ ಊಟ ಮಾಡಲಿಲ್ಲ. ಬೋಲ್ಟನ್ನು ತಿರುವುವುದು, ಬಿಚ್ಚುವುದು, ಮತ್ತೆ ತಿರುವುವುದು... 'ನಾನೇ ಹುಚ್ಚಿಯಾದೆನಾ?'

ಆಗ... ದೂರದಲ್ಲಿ... ಡಬ್, ಡಬ್, ಡಬ್!

ಅಬಿದಾ ಬರಿಗಾಲಲ್ಲೇ ಬೀದಿಗೆ ಓಡಿದಳು. ಮಡ್‌ಗಾರ್ಡ್ ಇಲ್ಲದ ಗಾಡಿ ಕೆಸರು ಚಿಮ್ಮಿಸುತ್ತ ಬರುತ್ತಿತ್ತು! ಹಿಂದೆ ಗೋಣಿಚೀಲದ ಗಂಟಿನ ಮೇಲೆ, ಮಗನ ನಡುವಿಗೆ ರುಮಾಲಿನಿಂದ ಬಿಗಿಸಿಕೊಂಡು ಕೂತಿದ್ದಳು ಅವನ ತಾಯಿ ಸುಲ್ತಾನಬಿ.

"ಒಂದ ಸೀಟಿನ ಗಾಡಿ ಮಾಡಿದವರ ಮನಿ ಹಾಳಾಗ!" ಇಳಿಯುತ್ತಲೇ ಶುರುವಾಯಿತು ಅವಳ ಬೈಗುಳ. "ಹೊಳಿ ಇಳಿಯೂತನ ದಂಡ್ಯಾಗ ಕುಂಡ್ರಿಸಿದ, ಆಮ್ಯಾಲ ಗಾಡೀನ ಮಂದಿ ಹೆಗಲಿಗೆ ಹೊರಿಸಿ, ನನ್ನ ನಡಮಟ ನೀರಾಗ ನಡಸಿದ! ತಂದ ಸಕ್ರಿ ಎಲ್ಲಾ ಡೋಣ್ಯಾಗ ಕರಗಿ ಹೋತು. ಈಗ ಏನು ಇಡಲಿ ಈ ಹುಡುಗಿ ಬಾಯಾಗ?"

ಗುಡುಸಾಬ ಒಳಗೆ ಹೋದ. ಅಬಿದಾ ಬಾಗಿಲನ್ನೇ ನೋಡುತ್ತ ನಿಂತಳು.

ಹೊರಗೆ ಬಂದಾಗ ಅವನ ಕೈಯಲ್ಲಿ ಅಡುಗೆಮನೆಯ ಸಕ್ಕರೆ ಡಬ್ಬಿಯಿತ್ತು.

"ಇದನ್ನ ಇಡವಾ," ಎಂದು ಸುಲ್ತಾನಬಿಯ ಮುಂದೆ ಹಿಡಿದ. "ಮುಂಜಾನಿಂದ ಬಾಯಿ ಮುಚಗೊಂಡು ಕುಂತಾಳ ನನ್ನ ಮಗಳು."

ಯಾರೂ ಹೇಳುವ ಮೊದಲೇ ಅಬಿದಾ ಬಾಯಿ ತೆರೆದಿದ್ದಳು. ಸಕ್ಕರೆಯ ಜೊತೆಗೆ ಕಣ್ಣೀರಿನ ಉಪ್ಪೂ ಇಳಿಯಿತು.

ಹಿರಿಯರು ಚಹಾಕ್ಕೆ ಕೂತಾಗ ರಜಾಕ ಗಾಡಿಯ ಪಕ್ಕ ನಿಂತಿದ್ದ. ಅಬಿದಾ ಮಡ್‌ಗಾರ್ಡ್ ತಂದು ಚಾಚಿದಳು.

"ಕಡೀಕೂ ಬಿಚ್ಚಿದ್ರಿ?"

"ಹೋಗುವಾಗ ಡೋಣಿ ದಂಡ್ಯಾಗ ಗಾಲಿ ನಿಂತಬಿಡ್ತು. ಆಗ ಕಂಪನಿ ನೆನಪಾಗ್ಲಿಲ್ಲ, ನೀ ನೆನಪಾದಿ. ಬರುವಾಗ ಒಯ್ಯೂನಂತ ಗಿಡಕ್ಕ ಹಾಕಿದ್ದೆ."

"ಮುಂದಿನ ಸಲ ಜೋಡಿ ಸೀಟಿನ ಮಾಡೆಲ್ ತರ್ರಿ..."

"ಅದು ನಿಮ್ಮ ಎರ್ಯಾಗ ಹೋಗಂಗಿಲ್ಲ, ಹುಚ್ಚಿ."

"ನಿಂತ್ರ ನಿಂದರ್ಲಿ. ಇಳದು ದೂಕೂನು," ಎಂದಳು ಅಬಿದಾ. "ಇಬ್ಬರೂ."