ಮರೆವಿಗೆ ಸಾಕ್ಷಿಯಿಲ್ಲ

“ಆ ಒಂದು ಮಾತು ಮಾತ್ರ ಡಾಕ್ಟ್ರಿಗೆ ಹೇಳಿಕೊಡಬೇಡಿ, ಮೇಡಂ,” ಎಂದ ಮುದಿ ಗುಮಾಸ್ತ. “ನಿಮಗಿಂತ ಮುಂಚೆ ಈ ಕೇಸು ನಡೆಸ್ತಿದ್ದ ಸಾಹೇಬ್ರು ಅದನ್ನೇ ಬಾಯಿಪಾಠ ಮಾಡಿಸಿದ್ರು. ಈಗ ಸ್ವಂತ ಹೆಂಡ್ತಿಗೇ ‘ಯಾರಮ್ಮ ನೀವು’ ಅಂತಾರೆ. ಡಾಕ್ಟ್ರ ಕೈಯಲ್ಲಿ ಸತ್ತ ಹುಡುಗಿಯ ತಾಯಿ ಏನೋ ಮಾಡಿಸಿದ್ದಾಳೆ.”

ವಕೀಲೆ ನಕ್ಕಳು. ಈ ಕಚೇರಿಗೆ ಬಂದು ಮೂರೇ ವಾರ; ವೈದ್ಯರ ಮೇಲಿನ ದಾವೆಗಳನ್ನು ಹೊಡೆದುಹಾಕುವುದರಲ್ಲಿ ಎತ್ತಿದ ಕೈ. “ಮರೆವಿಗೆ ಮಾಟ ಬೇಕಾ, ತಾತ? ನಿನ್ನೆ ಕನ್ನಡಕ ತಲೆ ಮೇಲಿಟ್ಕೊಂಡೇ ಕಚೇರಿಯೆಲ್ಲ ಹುಡುಕಿದ್ರಲ್ಲ!”

ಒಳಗೆ ಕೂತಿದ್ದ ವೈದ್ಯನಿಗೆ ಹೇಳಿಯೇಬಿಟ್ಟಳು. “ಸುಳ್ಳಿಗೆ ಸಾಕ್ಷಿ ಸಿಗುತ್ತೆ, ಡಾಕ್ಟ್ರೇ. ಮರೆವಿಗೆ ಸಿಗಲ್ಲ. ಏನು ಕೇಳಿದ್ರೂ ‘ನೆನಪಿಲ್ಲ’ ಅನ್ನಿ.”

ಅಷ್ಟರಲ್ಲಿ ಮಗಳ ಫೋನು. “ಅಮ್ಮಾ, ಹಲ್ಲು ಬಿತ್ತು! ಮಧ್ಯಾಹ್ನ ಅಪ್ಪನ ಜೊತೆ ಕೋರ್ಟಿಗೇ ತರ್ತೀನಿ. ಮರೀಬೇಡ ಮತ್ತೆ!”

“ನಿನ್ನ ಮರೀತೀನಾ, ಗುಬ್ಬಿ?”

ಮಧ್ಯಾಹ್ನ ನ್ಯಾಯಾಲಯದಲ್ಲಿ ಕರೆಂಟು ಹೋಗಿತ್ತು. ನಿಂತ ಫ್ಯಾನುಗಳ ಕೆಳಗೆ ಫಿನಾಯಿಲು, ಬೆವರು, ಮುಗ್ಗಿದ ಕಾಗದದ ವಾಸನೆ. ಕಡೆಯ ಬೆಂಚಿನ ಮಬ್ಬುಗತ್ತಲಲ್ಲಿ ಸತ್ತ ಹುಡುಗಿಯ ತಾಯಿ. ಅವಳ ಬೆರಳುಗಳ ನಡುವೆ ಒಂದು ಉದ್ದನೆಯ ಕೂದಲು.

ಎದುರು ವಕೀಲರು ಎದ್ದರು. “ರಕ್ತ ನಿಲ್ತಾ ಇಲ್ಲ ಅಂತ ನರ್ಸ್ ನಿಮಗೆ ಫೋನ್ ಮಾಡಿದ್ರಾ?”

“ನೆನಪಿಲ್ಲ,” ಎಂದ ವೈದ್ಯ.

ಹಿಂದೆ ತಾಯಿಯ ಬೆರಳುಗಳು ಆ ಕೂದಲಿಗೆ ಒಂದು ಗಂಟು ಬಿಗಿದವು. ಕೂದಲು ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಗುಮಾಸ್ತನ ಮಾತು ನೆನಪಾಗಿ ವಕೀಲೆ ಸುಮ್ಮನೆ ತನ್ನ ಮನೆಯ ದಾರಿ ನೆನೆಯಲು ನೋಡಿದಳು. ದಾರಿಯಿರಲಿಲ್ಲ.

“ಎಷ್ಟು ಸಲ ಮಾಡಿದ್ರು?”

“ನೆನಪಿಲ್ಲ.”

ಎರಡನೇ ಗಂಟು. ಗಂಡನ ಮುಖವಿದ್ದ ಜಾಗದಲ್ಲಿ ಒರೆಸಿದ ಹಲಗೆ.

ಅವಳಿಗೆ ಅರ್ಥವಾಯಿತು: ಪ್ರತಿ ‘ನೆನಪಿಲ್ಲ’ಕ್ಕೂ ಹೇಳಿಕೊಟ್ಟವಳದೇ ಒಂದು ನೆನಪು. ಎದ್ದು ನಿಂತು ವಾಯಿದೆ ಕೇಳಬಹುದಿತ್ತು. ಗುಬ್ಬಿ ಇನ್ನೂ ಇದ್ದಳು: ಬಿದ್ದ ಹಲ್ಲು, ಎರಡು ಜಡೆ, ಕೀರಲು ದನಿ. ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಎದುರಿನವರ ಹಾಳೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಒಂದೇ ಉತ್ತರ. ಆಮೇಲೆ ಗೆಲುವು.

“ಕೊನೆಗೆ ಆ ಹುಡುಗಿ ನಿಮ್ಮ ಕೈ ಹಿಡ್ಕೊಂಡು ಏನಂದ್ಲು, ಡಾಕ್ಟರ್?”

ವೈದ್ಯನ ತುಟಿ ಅದುರಿತು. ಕಣ್ಣು ತುಂಬಿತು. ನಿಜ ಬಾಯಿತನಕ ಬಂದಿತ್ತು. ಅವನು ವಕೀಲೆಯತ್ತ ನೋಡಿದ. ಆ ಉತ್ತರ ಬೇಡ ಎಂದಿದ್ದರೆ ಸಾಕಿತ್ತು. ಅವಳು ಕಣ್ಣಲ್ಲೇ ಹೂಂ ಎಂದಳು.

“ನೆನಪಿಲ್ಲ.”

ಮೂರನೇ ಗಂಟು. ಬಿಗಿಯಿತು. ಹೊಗೆ. ಕತ್ತಲೆ. ಖಾಲಿ.

ಎದುರು ವಕೀಲರು ಕಡತ ಮುಚ್ಚಿ ಕುಸಿದು ಕೂತರು. ಕೇಸು ಗೆದ್ದಂತೆಯೇ.

ಹೊರಗೆ ಪಡಸಾಲೆಯಲ್ಲಿ ಯಾರೋ ಅವಳ ಕರಿಕೋಟು ಜಗ್ಗಿದರು. ಎರಡು ಜಡೆಯ ಒಂದು ಮಗು, ಹಿಂದೆ ಯಾರೋ ಒಬ್ಬ ಗಂಡಸು. ಅಂಗೈಯಲ್ಲಿ ಪುಟ್ಟ ಹಲ್ಲು. “ಅಮ್ಮಾ, ನೋಡು!”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮಗುವಿನ ನಗು ಅರ್ಧದಲ್ಲೇ ನಿಂತಿತು.

ಸತ್ತ ಹುಡುಗಿಯ ತಾಯಿ ಪಕ್ಕಕ್ಕೆ ಬಂದು ನಿಂತಳು. ಸುಟ್ಟ ಕೂದಲಿನ ವಾಸನೆ. ತೀರಾ ಮೆಲ್ಲನೆಯ ದನಿ. “ನಂದೂ ಒಂದೇ ಪ್ರಶ್ನೆ, ಮೇಡಂ. ಈ ಮಗು ಯಾರದು?”

ವಕೀಲೆ ಬಾಯಿ ತೆರೆದಳು. ನಾಲಗೆಯ ಮೇಲೆ ಒಂದೇ ಒಂದು ಮಾತು ಉಳಿದಿತ್ತು.

“ನೆನಪಿಲ್ಲ.”

ತಾಯಿ, ಕಡತ ಹಿಡಿದು ಹಿಂದೆಯೇ ಬಂದಿದ್ದ ಮುದಿ ಗುಮಾಸ್ತನ ಕಡೆ ತಿರುಗಿದಳು.

“ಸಾಕ್ಷಿ ಬರ್ಕೊಳ್ಳಿ,” ಎಂದಳು.