ಸಂಗಮ ಕ್ಲಬ್ಬಿನ ಹೊಸ ಮ್ಯಾನೇಜರ್

"ಕಿಟಕಿ ಗಾಜು ನಾಳೆನ ಹಾಕಸ್ತೀನ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ."

ರುಬಿಯಾ ಮೈದಾನದ ಗೆರೆ ದಾಟುವ ಮೊದಲೇ ಆ ಎತ್ತರದ ಗೋಲ್‌ಕೀಪರ್ ಓಡಿ ಬಂದು ಹೀಗೆಂದಾಗ ಅವಳಿಗೆ ನಗು ತಡೆಯುವುದೇ ಕಷ್ಟವಾಯಿತು. ಹೋದ ವಾರ ಅವಳ ಹೈಸ್ಕೂಲಿನ ಕಿಟಕಿ ಒಡೆದದ್ದು ಅಳ್ನಾವರದ ಈ ಸಂಗಮ ಫುಟ್‌ಬಾಲ್ ಕ್ಲಬ್ಬಿನ ಚೆಂಡೇ ನಿಜ. ಆದರೆ ಶಾಲೆಯ ಪಿ.ಟಿ. ಮೇಡಂ ಬಂದದ್ದು ಅದಕ್ಕಲ್ಲ.

"ಗಾಜಿನ ಮಾತು ಹೆಡ್‌ಮಾಸ್ತರ ಕೂಡ ಆಡ್ರಿ. ನಾ ಬಂದಿದ್ದು ಮ್ಯಾನೇಜರ್ ಸಲುವಾಗಿ."

"ನಮಗೀಗ ಮ್ಯಾನೇಜರ್ ಇಲ್ರಿ. ಹುಡುಕಾಕತ್ತೀವಿ."

"ಗೊತ್ತೈತ್ರಿ. ಅದಕ್ಕ ಬಂದೇನಿ."

ಅವಳು ಅರ್ಜಿ ಚಾಚಿದಳು. ಕ್ಯಾಪ್ಟನ್ನೂ ಆಗಿದ್ದ ಆ ಗೋಲ್‌ಕೀಪರ್ ಅತಾವುಲ್ಲಾ ಕೈಗವಸು ತೆಗೆಯುವುದನ್ನೂ ಮರೆತು ಇಸಿದುಕೊಂಡ. ಯೂನಿವರ್ಸಿಟಿ ತಂಡದಲ್ಲಿ ಮೂರು ವರ್ಷ, ಕೋಚಿಂಗ್ ಲೈಸೆನ್ಸ್... ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. ಕಾಗದದ ಅಂಚಿನಿಂದ ಅವಳನ್ನೊಮ್ಮೆ ನೋಡಿದ. ಅವಳೂ ನೋಡುತ್ತಿದ್ದಾಳೆಂದು ಗೊತ್ತಾದೊಡನೆ ಮತ್ತೆ ಕಾಗದದ ಹಿಂದೆ ಅಡಗಿದ.

"ಇನ್ನೊಮ್ಮಿ ಓದಾಕತ್ತೀರೇನ್ರಿ?"

"ಅಲ್ರಿ... ಅಕ್ಷರ ಅಗದಿ ಛಂದ ಅದಾವು."

ಅರ್ಜಿ ಟೈಪ್ ಮಾಡಿದ್ದಾಗಿತ್ತು.

ಹಳೆಯ ಮ್ಯಾನೇಜರ್ ಕ್ಲಬ್ ಬಿಟ್ಟು ಎರಡು ತಿಂಗಳಾಗಿತ್ತು. ಅಂದಿನಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಗೋವಾದಿಂದ ಕರೆಸಿದ ಒಬ್ಬ ಕೋಚ್ ಮೈದಾನ ನೋಡಿ, ಚಹಾ ಕುಡಿದು, ಮುಂದಿನ ರೈಲಿಗೇ ವಾಪಸಾಗಿದ್ದ. ಆದರೂ ಹೆಣ್ಣುಮಗಳನ್ನು ಮ್ಯಾನೇಜರ್ ಮಾಡುವುದೋ ಬೇಡವೋ ಎಂದು ಕಮಿಟಿಯವರು ಎರಡು ವಾರ ತೂಗಿದರು.

ಆ ಎರಡು ವಾರ ರುಬಿಯಾಳಿಗೆ ಶಾಲೆಯ ದಾರಿ ಯಾಕೋ ಗಿಡ್ಡವಾಗಿಬಿಟ್ಟಿತು. ದಾರಿಯಲ್ಲೇ ಅತಾವುಲ್ಲಾನ ಮೋಟರ್ ರಿಪೇರಿ ಅಂಗಡಿ. ತಾಮ್ರದ ತಂತಿ ಸುತ್ತುತ್ತಿದ್ದ ಅವನ ಕೈ, ಅವಳು ಕಂಡೊಡನೆ ನಿಲ್ಲುತ್ತಿತ್ತು.

"ನಿನ್ನೆ ಯಾಕ ಈ ಕಡೆ ಬರಲಿಲ್ರಿ?"

"ನಿನ್ನೆ ಭಾನುವಾರ. ಸಾಲಿ ಸೂಟಿ."

"ನನ್ನ ಅಂಗಡಿ ತಗದಿತ್ತಲ್ರಿ."

ಅವಳು ಮುಂದೆ ನಡೆದಳು. ತಿರುವಿನವರೆಗೂ ನಗು ಅವಳ ಜೊತೆಗೇ ಬಂತು.

ಕೊನೆಗೊಂದು ಮುಂಜಾನೆ ಕಮಿಟಿ ಕೂಡಿತು. ಅಧ್ಯಕ್ಷ ಕನಕಪ್ಪ ಓಟಿಗೆ ಕರೆದಾಗ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದ ರುಬಿಯಾಳಿಗೆ ಎಲ್ಲ ಕಾಣುತ್ತಿತ್ತು. ಅವಳ ಪರ ಮೂರು ಕೈ ಎದ್ದವು. ವಿರುದ್ಧ ಮೂರು. ಏಳನೆಯವನು ಅತಾವುಲ್ಲಾ. ಅವನ ಕೈ ಮೊಣಕಾಲ ಮೇಲಿಂದ ಏಳಲೇ ಇಲ್ಲ.

"ಹಂಗಾರ ಒಂದು ಮ್ಯಾಚ್ ಮೇಡಂ ನೋಡ್ಕೊಳ್ಳಲಿ," ಎಂದ ಕನಕಪ್ಪ. "ಬರೋ ಭಾನುವಾರ ಖಾನಾಪುರದವರ ಮ್ಯಾಲೆ ಗೆದ್ರ ಇವರಽ ಮ್ಯಾನೇಜರ್. ಸೋತ್ರ ಬ್ಯಾರೆಯವರನ್ನ ಹುಡುಕೂಣು."

ಹೊರಬಂದ ಅತಾವುಲ್ಲಾನನ್ನು ಅವಳು ಅಂಗಳದಲ್ಲೇ ತಡೆದಳು.

"ಕೈಗೆ ಏನಾಗಿತ್ರಿ?"

"ಎತ್ತಿದ್ರ, ಕ್ಯಾಪ್ಟನ್ ಮೇಡಂನ ಮಾರಿ ನೋಡಿ ಎತ್ತಿದಾ ಅಂತಿದ್ರು. ನಿಮ್ಮ ಹೆಸರಿಗೆ ಮಾತು ಬರ್ತಿತ್ತು."

"ಮಾರಿ ನೋಡಿ ಎತ್ತತಿದ್ರೇನು?"

ಅವನ ಕಿವಿ ಕೆಂಪಾಯಿತು. "ಅದಽ ನನಗ ಗೊತ್ತಾಗವಲ್ದು."

ಒಂದು ಕ್ಷಣ ಅವಳ ಸಿಟ್ಟು ಅಲುಗಾಡಿತು. ಆದರೂ ಬಿಟ್ಟುಕೊಡಲಿಲ್ಲ. "ನನ್ನ ಹೆಸರು ನಾ ಕಾಯ್ಕೋತೀನಿ. ನೀವು ಗೋಲ್ ಕಾಯ್ರಿ ಸಾಕು."

ಆದರೆ ಆ ವಾರದ ಪ್ರ್ಯಾಕ್ಟೀಸಿನಲ್ಲಿ ಅವಳಿಗೊಂದು ಸಂಗತಿ ಕಂಡಿತು. ಬಲಕ್ಕೆ ಬಂದ ಚೆಂಡಿಗೆ ಚಿರತೆಯಂತೆ ಹಾರುವ ಅತಾವುಲ್ಲಾ ಎಡಕ್ಕೆ ಬಂದದ್ದಕ್ಕೆ ಅರೆಗಳಿಗೆ ತಡಮಾಡುತ್ತಿದ್ದ. ಎದ್ದು ನಿಂತಾಗ ಎಡ ಮೊಣಕಾಲನ್ನು ಯಾರಿಗೂ ಕಾಣದಂತೆ ಒತ್ತಿಕೊಳ್ಳುತ್ತಿದ್ದ.

ಶನಿವಾರ ಅವಳು ತಂಡದ ಹೆಸರುಗಳನ್ನು ಓದಿದಳು. ಗೋಲಿನಲ್ಲಿ ಫಯಾಜ್, ಇನ್ನೂ ಒಂದು ಪಂದ್ಯವನ್ನೂ ಆಡದ ಎರಡನೆಯ ಕೀಪರ್.

"ಕ್ಯಾಪ್ಟನ್‌ನ ಹೊರಗ ಕುಂದ್ರಸ್ತೀರೇನು?" ಫಾರ್ವರ್ಡ್ ಹನುಮೇಶ ಚೆಂಡು ಕಾಲಿಂದ ತಳ್ಳಿದ. "ಓಟು ಹಾಕಲಿಲ್ಲ ಅಂತ ಸೇಡು ತೀರಿಸ್ಕೊಳ್ಳಾಕತ್ತೀರಿ. ನಾವೂ ಆಡಾಂಗಿಲ್ಲ, ಹೋಗ್ರಿ!"

ಮೊಣಕಾಲಿನ ಮಾತು ಅವಳ ತುಟಿಗೆ ಬಂತು. ಎಲ್ಲರೆದುರು ಅದನ್ನು ಆಡಿದರೆ ಅವನ ತಲೆ ತಗ್ಗುತ್ತಿತ್ತು. ಅವಳು ನುಂಗಿಕೊಂಡಳು.

ಆಗ ಅತಾವುಲ್ಲಾ ತಾನೇ ಮುಂದೆ ಬಂದ. "ಮೊಣಕಾಲು ಮೂರು ತಿಂಗಳಿಂದ ನೋಯಾಕತ್ತೈತಿ. ಜಾಗಾ ಹೋಗ್ತೈತಂತ ಮುಚ್ಚಿಟ್ಟಿದ್ದೆ. ಎಡಗಡೆ ಬಿದ್ದ ಗೋಲೆಲ್ಲಾ ನನ್ನ ತಪ್ಪು. ನಿಮಗ್ಯಾರಿಗೂ ಕಾಣಲಿಲ್ಲ, ಇವರಿಗೆ ಕಂಡತು." ಕೈಗವಸು ಬಿಚ್ಚಿ ತಾನೇ ಫಯಾಜನ ಕೈಗೆ ತೊಡಿಸಿದ. "ಮ್ಯಾನೇಜರ್ ಹೇಳಿದಂಗ ಆಡ್ರಿ."

ಮ್ಯಾನೇಜರ್! ಆ ಪದ ಅವಳಿಗಾಗಿ ಮೊದಲ ಸಲ ಅವನ ಬಾಯಿಂದ ಬಂದಿತ್ತು. ರುಬಿಯಾ ಹಾಳೆಯತ್ತ ತಲೆ ಬಗ್ಗಿಸಿದಳು. ಹೆಸರುಗಳು ಸ್ವಲ್ಪ ಹೊತ್ತು ಮಸುಕಾದವು.

ಭಾನುವಾರ ಮಧ್ಯಾಹ್ನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಖಾನಾಪುರದವರು ಮೊದಲು ಗೋಲು ಹೊಡೆದರು. ಅರ್ಧ ಪಂದ್ಯದ ಬಿಡುವಿನಲ್ಲಿ ರುಬಿಯಾ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು, "ಕಾರ್ನರ್ ದೂರ ಎತ್ತಿ ಹೊಡೀಬ್ಯಾಡ್ರಿ, ಹನುಮೇಶನ ಕಾಲಿಗೆ ಸಣ್ಣ ಪಾಸ್ ಕೊಡ್ರಿ" ಎಂದಳು. ಹಾಗೆಯೇ ಒಂದು ಗೋಲು ಬಂತು. ಸಮವಾಯಿತು.

ಇನ್ನೈದು ನಿಮಿಷ ಉಳಿದಿರುವಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಎಡಮೂಲೆಗೇ ಹೋಯಿತು. ಫಯಾಜ್ ಮೈಚಾಚಿ ಹಾರಿ ಬೆರಳತುದಿಯಿಂದ ಅದನ್ನು ಹೊರಗಟ್ಟಿದ! ಗೆರೆಯಾಚೆ ಅತಾವುಲ್ಲಾ ನೋವು ಮರೆತು ಕುಣಿದ. ಮರುಗಳಿಗೆ ಹನುಮೇಶ ಒಬ್ಬನೇ ಮುನ್ನುಗ್ಗಿ ಎರಡನೇ ಗೋಲು ಹೊಡೆದ. ಸೀಟಿ ಊದಿದಾಗ ಅಧ್ಯಕ್ಷ ಕನಕಪ್ಪ ಒಂದೇ ಚಪ್ಪಲಿಯಲ್ಲಿ ಮೈದಾನದೊಳಗೆ ಓಡುತ್ತಿದ್ದ. ಊರೆಲ್ಲ "ಮ್ಯಾನೇಜರ್! ಮ್ಯಾನೇಜರ್!" ಎಂದು ಕೂಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದು ಕಾಲಿಗೆರಗಹೋದ ಹನುಮೇಶನನ್ನು ಅವಳು ಗದರಿ ಎಬ್ಬಿಸಿದಳು.

ಆ ಗದ್ದಲದ ನಡುವೆ ಅತಾವುಲ್ಲಾ ಕುಂಟುತ್ತ ಅವಳ ಬಳಿ ಬಂದ.

"ಶುಕ್ರವಾರ ಅಮ್ಮಿನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನ್ರಿ? ನಿಮ್ಮ ಅಬ್ಬಾನ ಕೂಡ ಮಾತಾಡಬೇಕು."

"ಅಬ್ಬಾಗ ಆಮ್ಯಾಲೆ. ಮೊದಲ ನನಗ ಹೇಳ್ರಿ."

ಅವನು ಉಸಿರು ತೆಗೆದುಕೊಂಡ. ಈ ಸಲ ಕಣ್ಣು ತಪ್ಪಿಸಲಿಲ್ಲ. "ನೀವಿಲ್ಲದ ಸಂಜಿ ನನಗ ಬ್ಯಾಡಾಗೇತಿ, ರುಬಿಯಾ."

ಮೇಡಂ ಇಲ್ಲದ ತನ್ನ ಹೆಸರು ಇಷ್ಟು ಇಂಪಾಗಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಎದೆ ಡೋಲಾಗಿತ್ತು. ದನಿ ಮಾತ್ರ ಗಟ್ಟಿಯಾಗಿಯೇ ಬಂತು.

"ಶುಕ್ರವಾರ ಭಾಳ ದೂರ ಆತು. ನಾಳೆ ಮುಂಜಾನೆ ಡಾಕ್ಟರಿಗೆ ಮೊಣಕಾಲು ತೋರಸ್ರಿ. ಸಂಜಿಗೆ ಬರ್ರಿ."

ಮರುದಿನ ಸಂಜೆ ಬಾಗಿಲು ತೆರೆದವರು ರುಬಿಯಾಳ ತಂದೆ, ರೈಲ್ವೆಯಿಂದ ನಿವೃತ್ತರಾದ ಬುಡನಸಾಬ. ಅಂಗಳದಲ್ಲಿ ಅತಾವುಲ್ಲಾ, ಅವನ ಅಮ್ಮಿ, ಅವರ ಹಿಂದೆ ಜರ್ಸಿ ತೊಟ್ಟ ಇಡೀ ತಂಡ. ಬೇಡವೆಂದರೂ ಯಾರೂ ಕೇಳಿರಲಿಲ್ಲ.

ಬುಡನಸಾಬ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿದರು. "ಇಷ್ಟ ಮಂದ್ಯಾಗ ನಮ್ಮ ಮನಿಗೆ ಬರೋ ಅಳಿಯಾ ಯಾಂವಾ ಬೇಟಿ?"

ರುಬಿಯಾ ಕಣ್ಣು ಕೆಳಗಿಳಿಸದೆ ಬೆರಳು ತೋರಿಸಿದಳು.

"ಬಿಳಿ ಅಂಗಿ ಹಾಕ್ಕೊಂಡು ಬೆವತು ನಿಂತಾನಲ್ಲ ಅಬ್ಬಾ, ಅಂವಾ."

ತಂಡ ಹೋ ಎಂದು ಕೂಗಿದ ಸದ್ದಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು.